ಕೋಡಿ ಬಿಡದವನ ಏರಿ

ಸ್ವಂತ ಹೊಲದ ತಗ್ಗಿಗೆ ಮಣ್ಣು ಏರಿಸಿ ನೀರು ನಿಲ್ಲಿಸಿಕೊಂಡರೆ ಅದಕ್ಕೆ ಏನೆನ್ನಬೇಕು ಎಂಬುದು ನಮ್ಮ ಕಡೆ ಇನ್ನೂ ಇತ್ಯರ್ಥವಾಗಿಲ್ಲ. ಹಳಬರು ಒಡ್ಡು ಅನ್ನುತ್ತಾರೆ, ಕಟ್ಟೆ ಅನ್ನುತ್ತಾರೆ. ಸಬ್ಸಿಡಿ ಪಡೆದವರಿಗೆ ಅದು ಕೃಷಿ ಹೊಂಡ. ದಾಳಿಂಬೆ ತೋಟದ ಹುಡುಗರಿಗೆ ‘ನಮ್ಮ ಡ್ಯಾಮು’. ಹೆಸರು ಯಾವುದಾದರೇನು ಎಂದು ಬಿಡುವಂತಿಲ್ಲ. ನೆಲ ಅಗೆದು ಮಾಡಿದ ಹೊಂಡದ ನೀರು ನೆಲಮಟ್ಟಕ್ಕಿಂತ ಕೆಳಗೇ ಇರುತ್ತದೆ. ಅದು ಇಂಗಬಹುದು, ಆರಬಹುದು, ಒಡೆಯಲಾರದು. ಏರಿ ಹಾಕಿ ನೆಲದ ಮೇಲೆ ಎತ್ತಿ ನಿಲ್ಲಿಸಿದ ನೀರಿನ ಕಥೆ ಬೇರೆ. ಏರಿಯ ಹೊರಮೈ ಬುಡಕ್ಕೆ ಹೋಗಿ ನಿಲ್ಲಿ. ಒಳಗಿನ ನೀರು ನಿಮ್ಮ ತಲೆಗಿಂತ ಮೇಲಿದ್ದರೆ, ಪಹಣಿಯಲ್ಲಿ ಏನೇ ಬರೆದಿರಲಿ, ನೀವು ನಿಂತಿರುವುದು ಅಣೆಕಟ್ಟಿನ ಕೆಳಗೆ.

ಒಂದು ಎಕರೆ ಅಗಲ, ಸರಾಸರಿ ಎಂಟು ಅಡಿ ಆಳ ನೀರು ಅಂದರೆ ಸುಮಾರು ಒಂದು ಕೋಟಿ ಲೀಟರ್. ಐದು ಸಾವಿರ ಲೀಟರಿನ ಎರಡು ಸಾವಿರ ಟ್ಯಾಂಕರ್. ತೂಕ ಹತ್ತು ಸಾವಿರ ಟನ್. ಏರಿ ಗಟ್ಟಿ ಇದ್ದರೆ ಇದು ಬೇಸಿಗೆಯ ಆಸ್ತಿ. ಒಡೆದರೆ ಅಷ್ಟೂ ನೀರು ಅರ್ಧ ಗಂಟೆಯೊಳಗೆ ಕೆಳಗಿನವನ ಹೊಲ, ಕೊಟ್ಟಿಗೆ, ಮನೆ ಹೊಕ್ಕು ಹೋಗಬಹುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ ಹಗರಿಬೊಮ್ಮನಹಳ್ಳಿಯ ಹೋಟೆಲುಗಳಲ್ಲಿ, ಹಡಗಲಿಯ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ವಾರದ ಮಟ್ಟಿಗೆ ಎಂಜಿನಿಯರುಗಳಾಗಿದ್ದರು. ಗೇಟಿನ ಜಾಗಕ್ಕೆ ಅಡ್ಡ ಇಳಿಸುವ ಸ್ಟಾಪ್‌ಲಾಗ್ ಎಂಬ ಪದ ಅಂಗಡಿ ಕಟ್ಟೆಯ ಮಾತಾಯಿತು. ಆ ಗೇಟಿನ ಮೇಲೆ ಇಡೀ ರಾಜ್ಯದ ಕಣ್ಣಿತ್ತು. ಹೊಲದೊಳಗಿನ ಏರಿಯ ಮೇಲೆ ಯಾರ ಕಣ್ಣಿದೆ? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ನೋಡಿಕೊಳ್ಳುವುದು 15 ಮೀಟರಿಗಿಂತ ಎತ್ತರದವನ್ನು. 10ರಿಂದ 15 ಮೀಟರಿನ ನಡುವಿನದಾದರೆ ಏರಿ 500 ಮೀಟರಿಗೆ ಕಡಿಮೆ ಇಲ್ಲದಂತೆ ಉದ್ದವಿರಬೇಕು, ಇಲ್ಲವೇ ಹತ್ತು ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಹೀಗೆ ಏನಾದರೊಂದು ದೊಡ್ಡಸ್ತಿಕೆ ಬೇಕು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗೆ ಸಣ್ಣ ನೀರಾವರಿ ಇಲಾಖೆ ಇದೆ, ಅದಕ್ಕಿಂತ ಚಿಕ್ಕದಕ್ಕೆ ಪಂಚಾಯಿತಿ ಇದೆ. ಹದಿಮೂರು ಅಡಿಯ ಖಾಸಗಿ ಏರಿಗೆ ಇರುವುದು ಅದರ ಯಜಮಾನ ಒಬ್ಬನೇ. ಅವನೇ ಅಧಿಕಾರಿ, ಅವನೇ ನೀರುಗಂಟಿ.

ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರು ಕಡೆಯ ನಮ್ಮ ತಾಲ್ಲೂಕುಗಳಲ್ಲಿ ಏರಿಗೆ ಮೊದಲ ಶತ್ರು ನೀರಲ್ಲ, ನೀರಿಲ್ಲದ ವರ್ಷಗಳು. ವರ್ಷದ ಮಳೆ ಹೆಚ್ಚುಕಮ್ಮಿ 600 ಮಿಲಿಮೀಟರ್. ಅದರ ದೊಡ್ಡ ಪಾಲು ಉತ್ತರಿ, ಹಸ್ತ, ಚಿತ್ತಿ ಮಳೆಗಳಲ್ಲಿ, ಅದೂ ನಾಲ್ಕಾರು ರಾತ್ರಿಗಳಲ್ಲಿ ಸುರಿದು ಮುಗಿಯುತ್ತದೆ. ಎರಡು ಮೂರು ವರ್ಷ ಒಣಗಿ ನಿಂತ ಏರಿ ಒಳಗೊಳಗೇ ಬಿರಿದಿರುತ್ತದೆ. ಎರೆ ಮಣ್ಣಿನದಾದರಂತೂ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಹಸಿಯಾದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ ನಿಜ, ಆದರೆ ಮುಚ್ಚಿಕೊಳ್ಳಲು ಅದಕ್ಕೆ ದಿನಗಳು ಬೇಕು. ಒಂದೇ ರಾತ್ರಿಯಲ್ಲಿ ತುಂಬಿದ ಕೆರೆ ಅಷ್ಟು ಹೊತ್ತು ಕಾಯುವುದಿಲ್ಲ. ಬಿರುಕಿನಲ್ಲಿ ನುಗ್ಗಿ ಹೊರಗೆ ಬರುತ್ತದೆ. ಮಲೆನಾಡಿನ ಏರಿ ವರ್ಷವಿಡೀ ಹಸಿಯಾಗಿರುತ್ತದೆ, ಪರೀಕ್ಷೆ ದಿನಾ ನಡೆಯುತ್ತದೆ. ನಮ್ಮದಕ್ಕೆ ಐದು ವರ್ಷಕ್ಕೊಮ್ಮೆ, ಮಧ್ಯರಾತ್ರಿ, ಯಾರೂ ನೋಡದಿರುವಾಗ ಪರೀಕ್ಷೆ.

ಬಿರುಕುಗಳಲ್ಲಿ ಜಾತಿ ಇದೆ. ಏರಿಯ ಉದ್ದಕ್ಕೆ ಓಡುವ ಬಿರುಕು ಬಹಳ ಸಲ ಬರೀ ಒಣಗಿದ್ದರಿಂದ ಬಂದದ್ದು. ಅದರ ಒಂದು ಅಂಚು ಕೆಳಗೆ ಕುಸಿದಿದ್ದರೆ ಮಾತ್ರ ಏರಿ ಜಾರುತ್ತಿದೆ ಎಂದರ್ಥ. ಏರಿಗೆ ಅಡ್ಡಡ್ಡ, ಒಳಮೈಯಿಂದ ಹೊರಮೈಗೆ ಸೀಳಿದ ಬಿರುಕು ಕಂಡರೆ ತಡ ಮಾಡುವಂತಿಲ್ಲ. ಅದು ನೀರಿಗೆ ತೆರೆದಿಟ್ಟ ದಾರಿ. ಎಷ್ಟು ಆಳ ಹೋಗಿದೆ ಎಂದು ತಿಳಿಯಲು ಹಳೇ ಉಪಾಯ ಒಂದಿದೆ: ಸುಣ್ಣದ ನೀರು ಸುರಿದು, ಆಮೇಲೆ ಪಕ್ಕದಲ್ಲಿ ಅಗೆಯುತ್ತ ಬಿಳಿ ಗೆರೆಯನ್ನು ಹಿಂಬಾಲಿಸುವುದು. ಗೆರೆ ಮುಗಿದಲ್ಲಿಂದ ಒಂದಡಿ ಕೆಳಗಿನವರೆಗೂ ತೆಗೆದು, ಹದವಾದ ಮಣ್ಣನ್ನು ಅರ್ಧ ಅಡಿ ಪದರವಾಗಿ ತುಂಬಿ ತುಳಿಸಬೇಕು. ಮೇಲಿಂದ ಎರಡು ಬುಟ್ಟಿ ಮಣ್ಣು ಸುರಿದು ಕಾಲಲ್ಲಿ ಒತ್ತಿದರೆ ಬಿರುಕು ಮುಚ್ಚುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ.

ಹದ ಅಂದರೇನು? ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು, ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕಾರು ತುಂಡಾಗಬೇಕು. ಹಿಂದೆ ಕತ್ತೆಯ ಮೇಲೆ ಮಣ್ಣು ಹೇರಿಕೊಂಡು ಕೆರೆ ಕಟ್ಟುತ್ತಿದ್ದ ಭೋವಿ ಸಮುದಾಯದವರಿಗೆ ಇದು ಕೈಯಲ್ಲೇ ಗೊತ್ತಿತ್ತು. ಮಣ್ಣು ಬುಟ್ಟಿ ಬುಟ್ಟಿಯಾಗಿ ಬೀಳುತ್ತಿತ್ತು, ಕತ್ತೆಯ ಗೊರಸು, ಆಳಿನ ಕಾಲು ಅದನ್ನು ತುಳಿಯುತ್ತಿದ್ದವು. ಈಗ ಟಿಪ್ಪರು ಒಂದು ಗುಡ್ಡೆ ಸುರಿಯುತ್ತದೆ, ಜೆಸಿಬಿ ಬಕೆಟ್ಟಿನಿಂದ ನಾಲ್ಕು ಸಲ ತಟ್ಟುತ್ತದೆ, ಎರಡು ದಿನದಲ್ಲಿ ಏರಿ ರೆಡಿ. ಹೊರಗೆ ನುಣ್ಣಗೆ ಕಾಣುತ್ತದೆ. ಒಳಗೆ ಗುಡ್ಡೆ ಗುಡ್ಡೆಯ ನಡುವೆ ಪೊಳ್ಳು. ಇಂಥ ಏರಿ ಮೊದಲ ಮಳೆಗಾಲದಲ್ಲೇ ಒಂದಡಿ ಕೂರುತ್ತದೆ, ಅದೂ ಸಮನಾಗಿ ಅಲ್ಲ, ನಡುವೆ ಹೆಚ್ಚು. ಯಾಕೆಂದರೆ ನಡುವೆಯೇ ಎತ್ತರ ಹೆಚ್ಚು. ಅಂದರೆ ಎಲ್ಲಿ ನೀರು ಆಳವೋ ಅಲ್ಲೇ ಏರಿ ತಗ್ಗು.

ಮಣ್ಣಿನ ಜಾತಕ ನೋಡುವ ಒಂದು ಸುಲಭ ಪರೀಕ್ಷೆಯನ್ನು ನಾನೇ ಮಾಡಿ ನೋಡಿದ್ದೇನೆ. ಕೊಟ್ಟೂರು ಕಡೆ ಇರುವ ನಮ್ಮ ಸಂಬಂಧಿಕರೊಬ್ಬರ ಏರಿಯಿಂದ ಕಡಲೆಕಾಳಿನಷ್ಟು ದೊಡ್ಡ ಮಣ್ಣಿನ ಹರಳು ನಾಲ್ಕು ತಂದೆ, ಬೇರೆ ಬೇರೆ ಜಾಗದಿಂದ. ಗಾಜಿನ ಲೋಟಗಳಲ್ಲಿ ಆರ್‌ಒ ನೀರು ಹಾಕಿ, ಒಂದೊಂದಕ್ಕೆ ಒಂದೊಂದು ಹರಳು ಮೆಲ್ಲಗೆ ಬಿಟ್ಟು, ಅಲ್ಲಾಡಿಸದೆ ಕೂತೆ. ಮೂರು ಲೋಟಗಳಲ್ಲಿ ಹರಳು ಕುಸಿದು ಪುಟ್ಟ ರಾಶಿಯಾಯಿತು, ನೀರು ತಿಳಿಯಾಗಿಯೇ ಉಳಿಯಿತು. ನಾಲ್ಕನೆಯದರಲ್ಲಿ ಐದು ನಿಮಿಷಕ್ಕೆ ಹರಳಿನ ಸುತ್ತ ಹಾಲಿನ ಮೋಡದಂಥದ್ದು ಎದ್ದು ತಳವೆಲ್ಲ ಹರಡಿತು. ಅದು ಕರಗುವ ಮಣ್ಣು, ಸೋಡಿಯಂ ಹೆಚ್ಚಿರುವ ಸವಳು. ಇಂಥ ಮಣ್ಣಿನಲ್ಲಿ ಸಣ್ಣ ಸೂಜಿರಂಧ್ರ ಬಿದ್ದರೂ ಸಾಕು, ನೀರು ಅದರ ಗೋಡೆಯನ್ನು ಸಕ್ಕರೆಯಂತೆ ಕರಗಿಸಿಕೊಂಡು ಹೋಗುತ್ತದೆ. ಬೋರ್‌ವೆಲ್ ನೀರಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರಲ್ಲಿರುವ ಲವಣಗಳೇ ಜೇಡಿಯನ್ನು ಹಿಡಿದಿಟ್ಟು ಸುಳ್ಳು ಸರ್ಟಿಫಿಕೇಟ್ ಕೊಡುತ್ತವೆ. ಮಳೆ ನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ನೀರೇ ಆಗಬೇಕು, ಏಕೆಂದರೆ ಏರಿಗೆ ಕೊನೆಗೆ ಎದುರಾಗುವುದೂ ಮಳೆ ನೀರೇ. ಕಟ್ಟುವ ಮೊದಲೇ ಗೊತ್ತಾದರೆ ಆ ಗುಂಡಿಯ ಮಣ್ಣು ಬಿಟ್ಟು ಬೇರೆ ತರಬಹುದು. ಕಟ್ಟಿಯಾಗಿದ್ದರೆ ಒಳಮೈಗೆ ಜಿಪ್ಸಂ ಬೆರೆಸಿ ತುಳಿಸಿದ ಮಣ್ಣಿನ ಹೊದಿಕೆ ಹಾಕುತ್ತಾರೆ.

ಇನ್ನು ಕೋಡಿ. ನಾನು ನೋಡಿದ ಖಾಸಗಿ ಏರಿಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲೇ. ಮಣ್ಣಿನ ಏರಿ ಪಕ್ಕದಿಂದ ಎಷ್ಟು ನೀರು ಒತ್ತಿದರೂ ತಡೆಯುತ್ತದೆ, ತಲೆಯ ಮೇಲೆ ಒಂದು ಗೇಣು ನೀರು ಹರಿದರೆ ತಡೆಯಲಾರದು. ಹೊರಮೈಯಲ್ಲಿ ಇಳಿವ ನೀರು ಬುಡದಿಂದ ಮಣ್ಣು ಕೀಳುತ್ತ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ತಿನ್ನುತ್ತದೆ. ಮುಂದಿನದು ಕೆಲವೇ ನಿಮಿಷಗಳ ಕೆಲಸ. ಆದ್ದರಿಂದ ನೀರು ಏರಿಯ ತಲೆ ಮುಟ್ಟುವ ಮೊದಲೇ ಬೇರೆ ದಾರಿಯಲ್ಲಿ ಹೊರಟುಬಿಡಬೇಕು.

ಎಷ್ಟು ಅಗಲದ ದಾರಿ? ಲೆಕ್ಕ ಹಾಕೋಣ. ನಿಮ್ಮ ಹೊಂಡಕ್ಕೆ 50 ಎಕರೆಯ ನೀರು ಬರುತ್ತದೆ, ಅಂದರೆ 20 ಹೆಕ್ಟೇರ್. ಗಂಟೆಗೆ 60 ಮಿಲಿಮೀಟರಿನ ಬಿರುಸು ಮಳೆ, ಅದರಲ್ಲಿ ಶೇ 40 ಹರಿದು ಬಂತು ಅನ್ನಿ. ಸೆಕೆಂಡಿಗೆ 1,300 ಲೀಟರ್ ಆಯಿತು. ಒಂದಡಿ ಆಳದಲ್ಲಿ ಇಷ್ಟು ನೀರು ದಾಟಬೇಕಾದರೆ ಕೋಡಿ 16 ಅಡಿ ಅಗಲ ಬೇಕು. ಆ ಒಂದಡಿಯ ಮೇಲೂ ಏರಿ ಇನ್ನೆರಡು ಅಡಿ ಎತ್ತರ ಉಳಿದಿರಬೇಕು, ಅಲೆಗೆ, ಕೂರುವಿಕೆಗೆ. ನಮ್ಮ ಜನ ಏನು ಮಾಡುತ್ತಾರೆ? ಏರಿಯಲ್ಲಿ ಎಂಟು ಇಂಚಿನ ಪಿವಿಸಿ ಪೈಪು ಹೂತು ‘ಕೋಡಿ ಬಿಟ್ಟಿದ್ದೇವೆ’ ಅನ್ನುತ್ತಾರೆ. ಅದು ಬಿಡುವುದು ಸೆಕೆಂಡಿಗೆ ನೂರು ಲೀಟರ್. ಇನ್ನೂ ಹನ್ನೆರಡು ಪೈಪು ಬೇಕಾಯಿತಲ್ಲ!

ಕೋಡಿ ಇರಬೇಕಾದ್ದು ಏರಿಯ ನಡುವೆ ಅಲ್ಲ, ಏರಿ ಮುಗಿದು ಗಟ್ಟಿ ನೆಲ, ಗರಸು ಸಿಗುವ ತುದಿಯಲ್ಲಿ. ಮಸಾರಿ ಹೊಲಗಳಲ್ಲಿ ಗರಸು ಕೈಗೆಟುಕುವ ಆಳದಲ್ಲೇ ಇರುತ್ತದೆ, ಅದು ನಮ್ಮ ಪುಣ್ಯ. ಆದರೆ ಕೋಡಿ ಬಿದ್ದ ದಿನ ರೈತನ ಹೊಟ್ಟೆ ಉರಿಯುತ್ತದೆ. ಮೂರು ವರ್ಷ ಆಕಾಶ ನೋಡಿದವನಿಗೆ ಕಣ್ಣೆದುರೇ ನೀರು ಹರಿದುಹೋಗುವುದು ಸಹಿಸಲಾಗದು. ಯೂರಿಯಾ ಚೀಲಕ್ಕೆ ಮರಳು ತುಂಬಿ ಕೋಡಿಗೆ ಅಡ್ಡ ಇಡುತ್ತಾನೆ, ಒಂದಡಿ ನೀರು ಹೆಚ್ಚು ಸಿಕ್ಕಿತು ಎಂದು ಮಲಗುತ್ತಾನೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಅವನು ಕದ್ದದ್ದು ಮಾತ್ರ ಏರಿಯ ಉಸಿರು.

ಇದೇ ತಪ್ಪನ್ನು ಅಮೆರಿಕದ ಲಕ್ಷಾಧೀಶರೂ ಮಾಡಿದ್ದಾರೆ. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಎಂಬಲ್ಲಿ ಸರ್ಕಾರ ಕಟ್ಟಿ ಬೇಡವೆಂದು ಮಾರಿದ 72 ಅಡಿಯ ಮಣ್ಣಿನ ಅಣೆಕಟ್ಟೊಂದು ಕೈ ಬದಲಾಗಿ ಶ್ರೀಮಂತರ ಮೀನು-ಬೇಟೆ ಕ್ಲಬ್ಬಿಗೆ ಸಿಕ್ಕಿತು. ಉಕ್ಕಿನ ದೊರೆ ಕಾರ್ನೆಗಿ ಅದರ ಸದಸ್ಯ. ತೂಬಿನ ಕಬ್ಬಿಣದ ಕೊಳವೆಗಳನ್ನು ಹಿಂದಿನ ಮಾಲೀಕನೇ ಕಿತ್ತು ಗುಜರಿಗೆ ಹಾಕಿದ್ದ. ಮತ್ತೆ ಯಾರೂ ಕೂರಿಸಲಿಲ್ಲ. ಏರಿಯ ಮೇಲೆ ಸಾರೋಟು ಓಡಾಡಲೆಂದು ಅದರ ತಲೆಯನ್ನು ತಗ್ಗಿಸಿ ಅಗಲ ಮಾಡಿದರು. ದುಡ್ಡು ಕೊಟ್ಟು ತಂದುಬಿಟ್ಟ ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಬಡಿದರು. 1889ರ ಮೇ 31ರಂದು ಮಳೆ ಬಂತು, ಕೊಂಬೆ-ಕಸ ಜಾಲರಿಗೆ ಸಿಕ್ಕಿಕೊಂಡವು, ನೀರು ಏರಿಯ ತಲೆ ದಾಟಿತು. ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು.

ತಲೆ ದಾಟುವುದು ನೀರು ಏರಿ ಒಡೆಯುವ ಒಂದು ದಾರಿಯಾದರೆ, ಎರಡನೇ ದಾರಿ ಏರಿಯ ಹೊಟ್ಟೆಯೊಳಗಿನದು. ಮಣ್ಣಿನ ಏರಿ ಜಿನುಗದೆ ಇರುವುದಿಲ್ಲ. ಜಿನುಗುವುದು ರೋಗವಲ್ಲ, ಹೇಗೆ ಜಿನುಗುತ್ತದೆ ಎಂಬುದು ನಾಡಿ. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ನೆಡಿಸಿದ ಶಾಸನ ಕೆರೆಗೆ ಹನ್ನೆರಡು ಅಂಗ, ಆರು ದೋಷ ಹೇಳುತ್ತದೆ. ಆ ದೋಷಗಳ ಪಟ್ಟಿಯಲ್ಲಿ ಏರಿಯಿಂದ ನೀರು ಒಸರುವುದೂ ಇದೆ, ಸವಳು ಮಣ್ಣೂ ಇದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಅವರ ಪ್ರಕಾರ ದೋಷವೇ. ಈಗ ರಾಜ್ಯದ ಗಡಿಯ ಬದಲು ಅಣ್ಣತಮ್ಮಂದಿರ ಪಾಲಿನ ಗಡಿ ಅಂತ ಓದಿಕೊಳ್ಳಿ. ಅರ್ಧ ಏರಿ ಅಣ್ಣನದು, ಅರ್ಧ ತಮ್ಮನದು ಆದ ಮೇಲೆ ಅದಕ್ಕೆ ಮಣ್ಣು ಹಾಕಿದವರನ್ನು ನಾನು ಕಂಡಿಲ್ಲ.

ಒಸರುವ ಜಾಗವನ್ನು ಕಣ್ಣಿಗಿಂತ ಮೊದಲು ಹುಲ್ಲು ಹುಡುಕುತ್ತದೆ. ಜನವರಿಯಲ್ಲಿ ಸುತ್ತ ಮೆಕ್ಕೆಜೋಳದ ಕೂಳೆ ಒಣಗಿ ನಿಂತಿರುವಾಗ ಏರಿಯ ಬುಡದಲ್ಲಿ ಒಂದು ಕಡೆ ಮಾತ್ರ ಹಸಿರು, ಜೊಂಡು ಇದ್ದರೆ ಅಲ್ಲೊಂದು ಗೂಟ ಹೊಡೆಯಿರಿ. ಪುಟ್ಟ ಕಾಲುವೆ ಮಾಡಿ, ನೀರು ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿ ಬರೆದಿಡಿ. ಹೊಂಡದ ಮಟ್ಟ ಅಷ್ಟೇ ಇದ್ದು ಕೊಡ ಬೇಗ ತುಂಬತೊಡಗಿದರೆ ಒಳಗೆ ದಾರಿ ಅಗಲವಾಗುತ್ತಿದೆ. ಕೊಡದ ನೀರನ್ನು ಒಂದು ರಾತ್ರಿ ಇಟ್ಟು ತಳ ನೋಡಿ. ತಿಳಿ ನೀರಾದರೆ ಏರಿ ಬೆವರುತ್ತಿದೆ ಅಷ್ಟೆ. ತಳದಲ್ಲಿ ಮಣ್ಣು ಕೂತಿದ್ದರೆ ಅದು ಏರಿಯದೇ ಮಾಂಸ.

ಕೆಂಪು ನೀರು ಕಂಡ ಕೂಡಲೇ ಹೊರಗಿನಿಂದ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಲು ಓಡುವುದು ಎಲ್ಲರೂ ಮಾಡುವ ತಪ್ಪು. ಮುಚ್ಚಿದ ನೀರು ಒಳಗೇ ಒತ್ತಡ ಕಟ್ಟಿಕೊಂಡು ಇನ್ನೊಂದು ಕಡೆ ಒಡೆಯುತ್ತದೆ. ಮಾಡಬೇಕಾದ್ದು ಉಲ್ಟಾ: ನೀರು ಬರಲಿ, ಮಣ್ಣು ಬರಬಾರದು. ಒಸರುವ ಬಾಯಿಯ ಮೇಲೆ ಮೊದಲು ತೊಳೆದ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ. ಸುತ್ತ ಮರಳು ಚೀಲದ ಬಳೆ. ಜೊತೆಗೆ ಹೊಂಡದ ನೀರು ಇಳಿಸುತ್ತ ಹೋಗಬೇಕು. ಹೊಸದಾಗಿ ಕಟ್ಟುವವರು ಬುಡದಲ್ಲೇ ಇಂಥ ಮರಳು-ಕಲ್ಲಿನ ಕಾಲ್ಗಟ್ಟು ಇಟ್ಟರೆ ಈ ಪರದಾಟ ಬೇಡ. ಏರಿಯ ನಡುಗೆರೆಯಲ್ಲಿ ಗಟ್ಟಿ ನೆಲ ಸಿಗುವವರೆಗೆ ಕಂದಕ ತೆಗೆದು ಜೇಡಿ ತುಂಬಿದರೆ ಅಡಿಯಿಂದ ನುಸುಳುವುದೂ ಕಡಿಮೆ.

ಪೈಪು ಹಾಯುವ ಜಾಗ ಯಾವಾಗಲೂ ಅನುಮಾನದ ಜಾಗ. ನುಣುಪು ಪಿವಿಸಿಗೂ ಮಣ್ಣಿಗೂ ನಡುವೆ ಕೂದಲೆಳೆ ಸಂದು ಉಳಿದೇ ಉಳಿಯುತ್ತದೆ. ಕಟ್ಟಿ ಮುಗಿದ ಏರಿಯನ್ನು ಸೀಳಿ ಪೈಪು ಹಾಕುವುದಂತೂ ಆಪತ್ತನ್ನು ಕರೆದಂತೆ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆ ಒಡೆದದ್ದು ಏರಿಯನ್ನು ಅಗೆದದ್ದರಿಂದ. ಮಳೆಯೂ ಇರಲಿಲ್ಲ, ನೂರಾರು ಮನೆಗಳಿಗೆ ನೀರು ನುಗ್ಗಿತು. ಮೋಟರು ಇಟ್ಟು ಏರಿಯ ಮೇಲಿಂದ ಪೈಪು ದಾಟಿಸಿ, ಕರೆಂಟು ಹೋದರೆ ಸೈಫನ್ ಮಾಡಿ. ಒಳಗಿಂದ ಬೇಡ.

ಮರ, ಪ್ರಾಣಿಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಳ್ಳಾರಿ ಜಾಲಿ ಹೆಸರಿಗೆ ತಕ್ಕಂತೆ ನಮ್ಮ ಸೀಮೆಯ ಏರಿಗಳನ್ನೆಲ್ಲ ಹಿಡಿದಿದೆ. ಬೆರಳು ಗಾತ್ರ ಇದ್ದಾಗ ಬೇರು ಸಮೇತ ಕೀಳಬೇಕು. ತೊಡೆ ಗಾತ್ರ ಆದ ಮೇಲೆ ಕಡಿದರೆ ಬೇರು ಒಳಗೆ ಕೊಳೆತು ಕೊಳವೆಯಾಗುತ್ತದೆ, ಬಿಟ್ಟರೆ ಗಾಳಿಗೆ ಬೇರೊಡನೆ ಏರಿಯನ್ನೂ ಎಬ್ಬಿಸುತ್ತದೆ. ಗರಿಕೆ, ಲಾವಂಚ ಇರಲಿ. ಹೆಗ್ಗಣ, ಮುಳ್ಳುಹಂದಿ, ಏಡಿ ಇವುಗಳ ಬಿಲವನ್ನು ತುದಿಯವರೆಗೆ ಅಗೆದು ತುಂಬಬೇಕು. ರತ್ನಾಗಿರಿಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಸಣ್ಣ ಅಣೆಕಟ್ಟು ಒಡೆದು ಕೆಳಗಿನ ಮನೆಗಳು ಕೊಚ್ಚಿಹೋದಾಗ ಮಹಾರಾಷ್ಟ್ರದ ಸಚಿವರೊಬ್ಬರು ಏಡಿಗಳ ಮೇಲೆ ಹೇಳಿ ನಗೆಪಾಟಲಾದರು. ಏಡಿ ಬಿಲ ತೋಡುವುದು ನಿಜ. ಆ ಬಿಲವನ್ನು ವರ್ಷಗಟ್ಟಲೆ ನೋಡದಿರುವುದು ಏಡಿಯ ತಪ್ಪಲ್ಲ. ಹುತ್ತದ್ದು ಬೇರೆಯೇ ಕಷ್ಟ. ಏರಿಯ ಮೇಲೆ ಹುತ್ತ ಬೆಳೆದು ಪಂಚಮಿಗೆ ಹಾಲೆರೆದುಬಿಟ್ಟರೆ ಮುಗಿಯಿತು, ಯಾವ ಜೆಸಿಬಿ ಡ್ರೈವರನೂ ಮುಟ್ಟುವುದಿಲ್ಲ. ಎಳೆಯದಾಗಿದ್ದಾಗಲೇ, ಅರಿಶಿನ ಬೀಳುವ ಮೊದಲೇ ತೆಗೆಯುವುದು ಜಾಣತನ.

ಒಡೆಯುವ ಲಕ್ಷಣ ಕಂಡ ರಾತ್ರಿ ಏನು ಮಾಡಬೇಕು? ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ, ದನ ಬಿಚ್ಚಿಸಿ, 112ಕ್ಕೆ ಫೋನ್ ಮಾಡಿ. ಆಮೇಲೆ ಕೋಡಿಯಲ್ಲಿ ಇಟ್ಟ ಚೀಲ ಕಿತ್ತು, ಗಟ್ಟಿ ನೆಲದ ಕಡೆಗೇ ಅದನ್ನು ಅಗಲ ಮಾಡಿ. ಏರಿಯ ನಡುವೆ ಸೀಳಿ ‘ನೀರು ಬಿಟ್ಟು ಉಳಿಸುತ್ತೇನೆ’ ಅನ್ನಬೇಡಿ. ಅದು ನೀವೇ ಒಡೆದಂತೆ. ಅಪಾಯವಿಲ್ಲದ ದಿನಗಳಲ್ಲಿ ನೀರು ಖಾಲಿ ಮಾಡುವಾಗ ದಿನಕ್ಕೆ ಒಂದಡಿಗಿಂತ ಹೆಚ್ಚು ಇಳಿಸದಿರುವುದು ಒಳ್ಳೆಯದು; ಎರೆ ಮಣ್ಣಿನ ಒಳಮೈ ನೀರು ಕುಡಿದು ಭಾರವಾಗಿರುತ್ತದೆ, ಎದುರಿಗೆ ಆತುಕೊಂಡಿದ್ದ ನೀರು ಒಮ್ಮೆಗೇ ಹೋದರೆ ಜಾರಿ ಬೀಳುತ್ತದೆ.

ಕೆಳಗಿನವನು ಕೋರ್ಟಿಗೆ ಹೋದರೆ? ಖಾಸಗಿ ಕೆರೆ ಒಡೆದ ಮೊಕದ್ದಮೆಗಳಿಗೆಲ್ಲ ಮೂಲ 1868ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ರೈಲಾಂಡ್ಸ್ ಮತ್ತು ಫ್ಲೆಚರ್ ವ್ಯಾಜ್ಯ. ಗಿರಣಿಯವನು ಕಟ್ಟಿಸಿದ ಕೆರೆಯ ತಳದಲ್ಲಿ ಹಳೇ ಗಣಿಯ ಬಾವಿಗಳಿದ್ದವು, ನೀರು ಅಲ್ಲಿಂದ ಇಳಿದು ಪಕ್ಕದವನ ಗಣಿ ಮುಳುಗಿತು. ಮಾಲೀಕನ ತಪ್ಪಿರಲಿ ಇಲ್ಲದಿರಲಿ, ತನ್ನ ನೆಲಕ್ಕೆ ಅಪಾಯ ತಂದಿಟ್ಟುಕೊಂಡವನೇ ಹೊಣೆ ಎಂದಿತು ನ್ಯಾಯಾಲಯ. (ಬತ್ತಿದ ಬೋರ್‌ವೆಲ್ ಮೇಲೆಯೇ ಹೊಂಡ ಕಟ್ಟಲು ಹೊರಟವರು ಆ ಬಾವಿಗಳನ್ನು ನೆನೆಯಬೇಕು.) ಆರು ವರ್ಷದ ನಂತರ, 1874ರಲ್ಲಿ, ನಮ್ಮ ತಾಲ್ಲೂಕುಗಳೂ ಸೇರಿದ್ದ ಮದ್ರಾಸ್ ಪ್ರಾಂತ್ಯದ ಪ್ರಕರಣವೊಂದು ಪ್ರಿವಿ ಕೌನ್ಸಿಲ್‌ಗೆ ಹೋಯಿತು. ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಒಡೆದು ರೈಲು ಮಾರ್ಗ ಹಾಳಾಗಿತ್ತು. ಈ ದೇಶದಲ್ಲಿ ಕೆರೆ ಕಾಯುವುದು ಜಮೀನ್ದಾರನ ಪರಂಪರಾಗತ ಕರ್ತವ್ಯ, ಅಲಕ್ಷ್ಯ ಸಾಬೀತಾಗದೆ ದಂಡವಿಲ್ಲ ಎಂದು ಅವನನ್ನು ಬಿಟ್ಟರು. ಸ್ವಂತ ದಾಳಿಂಬೆಗೆಂದು ನಿನ್ನೆ ಕಟ್ಟಿದ ಹೊಂಡಕ್ಕೆ ಆ ರಿಯಾಯಿತಿ ಸಿಗುವುದು ಕಷ್ಟ ಎಂದು ನನ್ನ ಎಣಿಕೆ. ಹಳ್ಳಕ್ಕೆ ಅಡ್ಡ ಕಟ್ಟಿದ್ದರೆ ಇನ್ನೂ ಕಷ್ಟ, ಹಳ್ಳ ಸರ್ಕಾರದ್ದು.

ಪಾಲಿಥಿನ್ ಹಾಸಿದ ಹೊಂಡದವರಿಗೆ ಒಂದು ಮಾತು. ನಿಮ್ಮದು ಒಡೆಯದಿರಬಹುದು, ಆದರೆ ಆ ಜಾರುವ ಹಾಳೆಯ ಮೇಲೆ ಬಿದ್ದ ಮಗು ಈಜು ಬಂದರೂ ಮೇಲೆ ಬರಲಾರದು. ತಂತಿ ಬೇಲಿ ಹಾಕಿ, ನಾಲ್ಕೂ ಮೂಲೆಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿ.

ಲೋಟದ ಪರೀಕ್ಷೆ ಮಾಡಿದೆನಲ್ಲ, ಆ ಸಂಬಂಧಿಕರ ಏರಿಗೆ ಆ ಬೇಸಿಗೆಯಲ್ಲೇ ಹದಿನಾರು ಅಡಿ ಕೋಡಿ ತೆಗೆಸಿದೆವು. ಇಡೀ ದಿನ ಅವರು ಜೆಸಿಬಿಯ ಪಕ್ಕ ಮುಖ ಗಂಟಿಕ್ಕಿಕೊಂಡೇ ನಿಂತಿದ್ದರು. ಹೊಂಡಕ್ಕೆ ಕಾಟ್ಲಾ ಮರಿ ಬಿಟ್ಟಿದ್ದರಿಂದ ಕೋಡಿಗೆ ಬಲೆಯಾದರೂ ಕಟ್ಟುತ್ತೇನೆ ಎಂದರು. ಜಾನ್ಸ್‌ಟೌನಿನ ಕಥೆ ಹೇಳಿ ಬಿಡಿಸಿದೆ. ಹಸ್ತ ಮಳೆಗೆ ಒಂದು ರಾತ್ರಿ ನಾಲ್ಕು ತಾಸು ಕೋಡಿ ಹರಿಯಿತು. ಬೆಳಗ್ಗೆ ಏರಿ ಇದ್ದಲ್ಲೇ ಇತ್ತು. ಕೆಳಗಿನ ಮೆಕ್ಕೆಜೋಳದ ಸಾಲುಗಳಲ್ಲಿ ಪಕ್ಕದ ಹೊಲದವರ ಮಕ್ಕಳು ಬುಟ್ಟಿ ಹಿಡಿದು ಮೀನು ಆರಿಸುತ್ತಿದ್ದರು. ಅವರು ಎಷ್ಟು ಕೆಜಿ ಒಯ್ದರು ಎಂಬ ಲೆಕ್ಕವನ್ನು ಆ ಮಹರಾಯರು ನನಗೆ ಈಗಲೂ ಒಪ್ಪಿಸುತ್ತಿರುತ್ತಾರೆ.